ಕಸುಬಿನ ತಿಳಿವಳಿಕೆ ಉಳಿಯುವುದೆಲ್ಲಿ?

ಮಂಡ್ಯದ ಕಡೆ ಆಲೆಮನೆಯಲ್ಲಿ ಬೆಲ್ಲ ಕಾಯಿಸುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಮೇಲೆ ಬಂದ ಕೊಳೆಯನ್ನು ಆಗಾಗ್ಗೆ ತೆಗೆಯುತ್ತಾರೆ. ಹಾಲು ಮಂದವಾಗುತ್ತ ಪಾಕಕ್ಕೆ ಬರುತ್ತದೆ. ಕೊಪ್ಪರಿಗೆಯನ್ನು ಒಲೆಯಿಂದ ಇಳಿಸಬೇಕಾದ ಗಳಿಗೆ ಒಂದುಂಟು. ಅದಕ್ಕೆ ಮುಂಚೆ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲದು, ತಡಮಾಡಿದರೆ ಸೀದುಹೋಗುತ್ತದೆ. ಆ ಗಳಿಗೆ ಯಾವುದೆಂದು ಪಾಕ ನೋಡುವ ಹಿರಿಯನನ್ನು ಕೇಳಿದರೆ, “ಹದ ಬಂದಾಗ” ಎನ್ನುತ್ತಾನೆ. ಹದ ಬಂದುದು ಹೇಗೆ ತಿಳಿಯುತ್ತದೆ? ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳುಗಳ ನಡುವೆ ಉರುಳಿಸಿ ನೋಡುತ್ತಾನೆ. ಆ ಉಂಡೆ ಎಷ್ಟು ಮೆತ್ತಗಿರಬೇಕು, ಎಷ್ಟು ಗಟ್ಟಿಯಾಗಿರಬೇಕು? ಅದನ್ನು ಅವನು ಬಾಯಿಂದ ಹೇಳಲಾರ. “ನೀನೂ ಮುಟ್ಟಿ ನೋಡು” ಎಂದು ಉಂಡೆಯನ್ನು ನಮ್ಮ ಕೈಗೇ ಕೊಡುತ್ತಾನೆ.

ಈ “ಹದ” ಎಂಬ ಮಾತಿನಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಕಾರ್ಖಾನೆ, ಆಸ್ಪತ್ರೆ, ಗಣಿ, ಕಚೇರಿ, ಪ್ರಯೋಗಶಾಲೆ, ಎಲ್ಲಿ ನೋಡಿದರೂ ಅಲ್ಲಿನ ಕೆಲಸ ನಡೆಯುವುದು ಅಲ್ಲಿನವರ ತಿಳಿವಳಿಕೆಯಿಂದ. ಆ ತಿಳಿವಳಿಕೆ ಇರುವುದೆಲ್ಲಿ? ಕಪಾಟಿನಲ್ಲಿಟ್ಟ ಕೈಪಿಡಿಗಳಲ್ಲಿಯೇ? ಒಬ್ಬೊಬ್ಬರ ತಲೆಯಲ್ಲಿಯೇ? ಅಥವಾ ಮತ್ತೆಲ್ಲಾದರೂ ಉಂಟೇ? ಮೂವತ್ತು ವರ್ಷ ದುಡಿದವನೊಬ್ಬ ಹಾರ ಹಾಕಿಸಿಕೊಂಡು ನಿವೃತ್ತನಾಗಿ ಮನೆಗೆ ಹೋದ ಮರುದಿನ, ಯಾವುದೋ ಯಂತ್ರ ಮೊಂಡು ಹಿಡಿದು ನಿಂತಾಗ ಈ ಪ್ರಶ್ನೆ ಕೇವಲ ತತ್ತ್ವಜಿಜ್ಞಾಸೆಯಾಗಿ ಉಳಿಯುವುದಿಲ್ಲ. ಕಳೆದ ಕೆಲವು ದಶಕಗಳಲ್ಲಿ ವಿಜ್ಞಾನಿಗಳೂ ಮಾನವಶಾಸ್ತ್ರಜ್ಞರೂ ಇದನ್ನು ಶ್ರದ್ಧೆಯಿಂದ ಪರಿಶೀಲಿಸಿದ್ದಾರೆ. ಅವರು ಕಂಡುಕೊಂಡುದನ್ನು ನಾವು ಇಲ್ಲಿ ಕೆಲವು ಉದಾಹರಣೆಗಳೊಡನೆ ನೋಡೋಣ.

ಮಾತಿಗೆ ಸಿಕ್ಕದ ಅರಿವು

ಬುಡಾಪೆಸ್ಟಿನಲ್ಲಿ 1891ರಲ್ಲಿ ಹುಟ್ಟಿ, ರಸಾಯನ ವಿಜ್ಞಾನಿಯಾಗಿ ಹೆಸರು ಪಡೆದು, ಆಮೇಲೆ ತತ್ತ್ವಶಾಸ್ತ್ರಕ್ಕೆ ತಿರುಗಿದ ಮೈಕೆಲ್ ಪೊಲಾನ್ಯಿ ಎಂಬುವರು 1958ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಬೈಸಿಕಲ್ಲಿನ ಉದಾಹರಣೆಯನ್ನು ಕೊಟ್ಟರು. ಬೈಸಿಕಲ್ ಎಡಕ್ಕೆ ವಾಲಿದಾಗ ಸವಾರ ಹ್ಯಾಂಡಲನ್ನು ಎಡಕ್ಕೇ ತಿರುಗಿಸುತ್ತಾನೆ. ಗಾಡಿ ಆ ಕಡೆಗೆ ಕಿರಿದಾದ ಒಂದು ತಿರುವು ತೆಗೆದುಕೊಂಡು ನೆಟ್ಟಗಾಗುತ್ತದೆ. ಆ ತಿರುವು ಎಷ್ಟು ಕಡಿದಾಗಿರಬೇಕೆಂಬುದಕ್ಕೆ ಲೆಕ್ಕವುಂಟು: ವಾಲಿದ ಕೋನ ಇಂತಿಷ್ಟೆಂದಿದ್ದರೆ, ತಿರುವಿನ ಬಾಗು ವೇಗದ ವರ್ಗಕ್ಕೆ ವಿಲೋಮವಾಗಿರಬೇಕು. ಈ ಸೂತ್ರವನ್ನು ಬಾಯಿಪಾಠ ಮಾಡಿ ಬೈಸಿಕಲ್ ಕಲಿತವರನ್ನು ನಾವು ಕಂಡಿದ್ದೇವೆಯೇ? ಇಲ್ಲ. ಬೈಸಿಕಲ್ ಬಲ್ಲ ಲಕ್ಷಾಂತರ ಮಂದಿಗೆ ಹೀಗೊಂದು ಸೂತ್ರವಿದೆಯೆಂಬುದೂ ತಿಳಿಯದು. ಆದರೂ ಅವರ ಕೈ ಅದನ್ನು ಪಾಲಿಸುತ್ತದೆ. ನಾವು ಹೇಳಬಲ್ಲುದಕ್ಕಿಂತ ನಮಗೆ ತಿಳಿದಿರುವುದು ಹೆಚ್ಚು ಎಂಬುದು ಇದರ ತಾತ್ಪರ್ಯ. ನಮ್ಮ ಭಾಷೆಯಲ್ಲಿ “ಪಳಗಿದ ಕೈ” ಎಂದು ಕರೆಯುವುದು ಈ ಅರಿವನ್ನೇ.

ಬೆಲ್ಲ ಕಾಯಿಸುವುದೂ ಬೈಸಿಕಲ್ ತುಳಿಯುವುದೂ ಸಾಮಾನ್ಯ ಕೆಲಸಗಳು. ಎಲ್ಲವನ್ನೂ ಅಳೆದು ಬರೆದಿಡುವ ವಿಜ್ಞಾನಕ್ಕೆ ಈ ಮಾತು ಅನ್ವಯಿಸುವುದೇ ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರವಾಗಿ ಲೇಸರ್ ಯಂತ್ರವೊಂದರ ಕಥೆಯಿದೆ. ವಾತಾವರಣದ ಒತ್ತಡದಲ್ಲಿಯೇ ಇರುವ ಇಂಗಾಲದ ಡೈ ಆಕ್ಸೈಡ್ ಮಿಶ್ರಿತ ಅನಿಲದ ಮೂಲಕ ಅಡ್ಡಲಾಗಿ ವಿದ್ಯುತ್ತನ್ನು ನುಗ್ಗಿಸಿ ಪ್ರಬಲವಾದ ಅವಗೆಂಪು ಕಿರಣವನ್ನು ಹೊರಡಿಸುವ ಈ ಲೇಸರನ್ನು ಕೆನಡದ ರಕ್ಷಣಾ ಪ್ರಯೋಗಶಾಲೆಯೊಂದು 1970ರಲ್ಲಿ ಲೋಕಕ್ಕೆ ತಿಳಿಸಿತು. ವಿವರಗಳು ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾದುವು. ಬ್ರಿಟನ್ನಿನ ಹಲವು ಪ್ರಯೋಗಶಾಲೆಗಳು ತಾವೂ ಇಂಥದನ್ನು ಕಟ್ಟಲು ಹೊರಟುವು. ಹ್ಯಾರಿ ಕಾಲಿನ್ಸ್ ಎಂಬ ಸಮಾಜಶಾಸ್ತ್ರಜ್ಞರು ಈ ಪ್ರಯೋಗಶಾಲೆಗಳಿಗೆ ಹೋಗಿ, ಯಾರಿಗೆ ಲೇಸರ್ ಕೈಗೂಡಿತು, ಯಾರಿಗೆ ಕೈಗೂಡಲಿಲ್ಲ, ಏಕೆ ಎಂಬುದನ್ನು ವಿಚಾರಿಸಿ 1974ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು.

ಅವರು ಕಂಡುದು ವಿಸ್ಮಯಕರವಾಗಿತ್ತು. ಅಚ್ಚಾದ ಲೇಖನಗಳನ್ನು ಮಾತ್ರ ನಂಬಿ ಕಟ್ಟಿದವರಲ್ಲಿ ಒಬ್ಬರಿಗೂ ಯಶಸ್ಸು ದೊರೆಯಲಿಲ್ಲ. ಗೆದ್ದವರೆಲ್ಲರೂ ಆಗಲೇ ಲೇಸರ್ ಕಟ್ಟಿ ನಡೆಸಿದ್ದವರೊಡನೆ ನೇರವಾದ ಸಂಪರ್ಕವನ್ನು ಪಡೆದಿದ್ದವರು: ಅವರಲ್ಲಿಗೆ ಹೋಗಿ ನೋಡಿದವರು, ಅವರೊಡನೆ ಕೆಲಸ ಮಾಡಿದವರು, ಫೋನಿನಲ್ಲಿ ಮತ್ತೆ ಮತ್ತೆ ವಿಚಾರಿಸಿದವರು. ಹಾಗೆ ವಿಚಾರಿಸಿಯೂ ಸೋತವರಿದ್ದರು. ಒಂದು ಸಂಗತಿಯನ್ನು ನೋಡಿ. ವಿದ್ಯುತ್ತನ್ನು ಕೂಡಿಡುವ ಧಾರಕದಿಂದ ವಿದ್ಯುದ್ದ್ವಾರಕ್ಕೆ ಹೋಗುವ ತಂತಿ ಗಿಡ್ಡವಾಗಿರಬೇಕಿತ್ತು. ಉದ್ದವಾದರೆ ವಿದ್ಯುತ್ತು ನುಗ್ಗುವುದು ನಿಧಾನವಾಗಿ, ಅನಿಲದಲ್ಲೆಲ್ಲ ಸಮನಾಗಿ ಹರಡಬೇಕಾದ ವಿಸರ್ಜನೆ ಒಂದೇ ಕಡೆ ಕಿಡಿಯಾಗಿ ಹಾರಿಬಿಡುತ್ತದೆ. ಮೊದಲು ಗೆದ್ದವರ ಯಂತ್ರದಲ್ಲಿ ಭಾಗಗಳನ್ನು ಜೋಡಿಸಿದ್ದ ರೀತಿಯಿಂದ ತಂತಿ ತಾನಾಗಿಯೇ ಗಿಡ್ಡವಾಗಿತ್ತು. ಅದು ಮುಖ್ಯವೆಂಬುದು ಅವರಿಗೇ ಹೊಳೆದಿರಲಿಲ್ಲ. ಆದುದರಿಂದ ಅವರು ಹೇಳಲೂ ಇಲ್ಲ. ತಮಗೆ ತಿಳಿದಿದೆಯೆಂಬುದೇ ತಿಳಿಯದುದನ್ನು ಯಾರು ತಾನೆ ಬರೆದಿಟ್ಟಾರು? ಆದರೆ ಅವರ ಯಂತ್ರದ ಪಕ್ಕದಲ್ಲಿ ನಿಂತು ನೋಡಿದವನಿಗೆ, ಅವನು ಕೇಳದೆಯೇ ಇದ್ದರೂ, ಆ ಅರಿವು ದೊರೆಯುವ ಸಂಭವವಿತ್ತು.

ಕಸುಬಿನ ಬಳಗ

ಹಾಗಾದರೆ ಬರಹಕ್ಕೆ ಸಿಕ್ಕದ ಅರಿವು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ಸಾಗುತ್ತದೆ? ಜೀನ್ ಲೇವ್ ಎಂಬ ಮಾನವಶಾಸ್ತ್ರಜ್ಞೆ ಪಶ್ಚಿಮ ಆಫ್ರಿಕದ ಲೈಬೀರಿಯದಲ್ಲಿ ದರ್ಜಿಗಳ ಅಂಗಡಿಗಳಲ್ಲಿ ಕುಳಿತು ಇದನ್ನು ಗಮನಿಸಿದರು. ಅಲ್ಲಿ ಪಾಠವಿಲ್ಲ, ಪರೀಕ್ಷೆಯಿಲ್ಲ. ಹೊಸದಾಗಿ ಸೇರಿದ ಹುಡುಗ ಮೊದಲು ಸಿದ್ಧವಾದ ಬಟ್ಟೆಗೆ ಇಸ್ತ್ರಿ ಹಾಕುತ್ತಾನೆ, ಗುಂಡಿ ಹೊಲಿಯುತ್ತಾನೆ, ಅಂಚು ಮಡಿಸುತ್ತಾನೆ. ಆಮೇಲೆ ತುಂಡುಗಳನ್ನು ಕೂಡಿಸಿ ಹೊಲಿಯುವ ಕೆಲಸ. ಕಟ್ಟಕಡೆಗೆ ಬಟ್ಟೆ ಕತ್ತರಿಸುವುದು. ಉಡುಪು ತಯಾರಾಗುವ ಕ್ರಮಕ್ಕೆ ಇದು ಸರಿಯಾಗಿ ತಿರುಗುಮುರುಗು! ಇದರಲ್ಲಿ ಜಾಣತನವಿದೆ. ಗುಂಡಿ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕತ್ತರಿ ತಪ್ಪಿದರೆ ಬಟ್ಟೆಯೇ ಹಾಳು. ಇಸ್ತ್ರಿ ಹಾಕುತ್ತ ಹಾಕುತ್ತ ಹುಡುಗನ ಕಣ್ಣಿಗೆ ಉಡುಪಿನ ಪೂರ್ಣ ಆಕಾರ ಪರಿಚಯವಾಗುತ್ತದೆ. ಹೊಲಿಯುವಾಗ, ತುಂಡುಗಳನ್ನು ಹೀಗೇ ಏಕೆ ಕತ್ತರಿಸಿದ್ದಾರೆಂಬುದು ಅರ್ಥವಾಗುತ್ತದೆ. ಸುತ್ತಲೂ ಹಿರಿಯರ ಮಾತು, ಹಾಸ್ಯ, ಗದರಿಕೆ. ಅವನು ಕಸುಬನ್ನು ಕಲಿಯುತ್ತಾನೆ ಎನ್ನುವುದಕ್ಕಿಂತ, ಅಂಚಿನಿಂದ ಮೆಲ್ಲಮೆಲ್ಲನೆ ಕಸುಬಿನವರ ನಡುವಿಗೆ ಬರುತ್ತಾನೆ ಎನ್ನುವುದೇ ಸರಿ.

ಲೇವ್ ಮತ್ತು ಎಟಿಯೆನ್ ವೆಂಗರ್ ಇಬ್ಬರೂ ಸೇರಿ 1991ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂತಹ ಗುಂಪಿಗೆ ಒಂದು ಹೆಸರನ್ನು ಕೊಟ್ಟರು. ಕನ್ನಡದಲ್ಲಿ ಅದನ್ನು ನಾವು “ಕಸುಬಿನ ಬಳಗ” ಎನ್ನಬಹುದು. ಒಂದೇ ಬಗೆಯ ಕೆಲಸ, ಒಂದೇ ಬಗೆಯ ತೊಡಕುಗಳು, ಅವುಗಳನ್ನು ಕುರಿತ ನಿತ್ಯದ ಮಾತುಕತೆ, ಈ ಮೂರೂ ಕೂಡಿದಲ್ಲಿ ಬಳಗ ಹುಟ್ಟುತ್ತದೆ. ಅದಕ್ಕೆ ಅಧಿಕಾರದ ಆಜ್ಞೆ ಬೇಕಿಲ್ಲ. ಎಷ್ಟೋ ವೇಳೆ ಅದು ಹುಟ್ಟಿರುವುದು ಅಧಿಕಾರಿಗಳಿಗೆ ಗೊತ್ತೇ ಇರುವುದಿಲ್ಲ.

ಹೀಗೆ ಗೊತ್ತಿಲ್ಲದೆ ಹುಟ್ಟಿದ ಬಳಗದ ಅತಿ ಪ್ರಸಿದ್ಧ ಉದಾಹರಣೆ ಅಮೆರಿಕದ ಜೆರಾಕ್ಸ್ ಸಂಸ್ಥೆಯಲ್ಲಿ ದೊರೆಯಿತು. ನಕಲು ತೆಗೆಯುವ ಯಂತ್ರಕ್ಕೆ ನಮ್ಮ ಊರುಗಳಲ್ಲಿ ಈ ಸಂಸ್ಥೆಯ ಹೆಸರೇ ಹೆಸರಾಗಿ ನಿಂತಿದೆ. ಗಿರಾಕಿಗಳ ಕಚೇರಿಗಳಿಗೆ ಹೋಗಿ ಈ ಯಂತ್ರಗಳನ್ನು ರಿಪೇರಿ ಮಾಡುವವರು ಹೇಗೆ ಕೆಲಸ ಮಾಡುತ್ತಾರೆಂಬುದನ್ನು ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞರು 1980ರ ದಶಕದಲ್ಲಿ ಅವರ ಜೊತೆಯಲ್ಲಿಯೇ ಓಡಾಡಿ ಅಧ್ಯಯನ ಮಾಡಿದರು. 1996ರಲ್ಲಿ ಅದು ಪುಸ್ತಕವಾಗಿ ಬಂದಿತು. ಸಂಸ್ಥೆ ಈ ರಿಪೇರಿಗಾರರಿಗೆ ವಿವರವಾದ ಕೈಪಿಡಿಯನ್ನು ಕೊಟ್ಟಿತ್ತು. ಯಂತ್ರ ತೋರಿಸುವ ದೋಷಸಂಖ್ಯೆಯನ್ನು ನೋಡು. ಅದಕ್ಕೆ ಹೊಂದುವ ಪುಟವನ್ನು ತೆರೆ. ಹೌದಾದರೆ ಇದನ್ನು ಮಾಡು, ಅಲ್ಲವಾದರೆ ಅದನ್ನು ಮಾಡು. ಕೈಪಿಡಿಯನ್ನು ಬರೆದವರ ಎಣಿಕೆಯಲ್ಲಿ ರಿಪೇರಿಗೆ ಇಷ್ಟೇ ಸಾಕು.

ಆರ್ ಕಂಡುದು ಬೇರೆ. ರಿಪೇರಿಗಾರರು ಬೆಳಗಿನ ತಿಂಡಿಗೆ, ಮಧ್ಯಾಹ್ನದ ಊಟಕ್ಕೆ ಒಂದು ಕಡೆ ಸೇರುತ್ತಿದ್ದರು. ಅಲ್ಲಿ ಅವರ ಮಾತೆಲ್ಲ ಯಂತ್ರಗಳದೇ. ಯಾವ ಯಂತ್ರ ಯಾವ ಕಚೇರಿಯಲ್ಲಿ ಹೇಗೆ ಕಾಡಿತು, ಏನು ಮಾಡಿದರೆ ಸರಿಹೋಯಿತು ಎಂಬ ಕಥೆಗಳು. ಹೊರಗಿನವರಿಗೆ ಇದು ಹರಟೆ. ಲೆಕ್ಕ ನೋಡುವವರಿಗೆ ಸಂಬಳ ತಿನ್ನುವ ವಿರಾಮ. ವಾಸ್ತವದಲ್ಲಿ ರಿಪೇರಿಯ ವಿದ್ಯೆ ಬೆಳೆಯುತ್ತಿದ್ದುದು ಆ ಮೇಜಿನ ಸುತ್ತಲೇ. ಒಮ್ಮೆ ಯಂತ್ರವೊಂದು ತೋರಿಸುತ್ತಿದ್ದ ದೋಷಸಂಖ್ಯೆಗೂ ಅದರ ನಿಜವಾದ ವರ್ತನೆಗೂ ತಾಳೆಯಾಗಲಿಲ್ಲ. ಕೈಪಿಡಿ ಕೈಬಿಟ್ಟಿತು. ಪರಿಣತನೊಬ್ಬನನ್ನು ಕರೆಸಲಾಯಿತು, ಅವನಿಗೂ ತೋಚಲಿಲ್ಲ. ಆಗ ಇಬ್ಬರೂ ಯಂತ್ರದ ಮುಂದೆ ಕುಳಿತು, ಒಂದೊಂದು ಭಾಗವನ್ನು ಪರೀಕ್ಷಿಸುತ್ತ, ತಾವು ಹಿಂದೆ ಕಂಡ, ಕೇಳಿದ ಇಂಥವೇ ಪ್ರಸಂಗಗಳನ್ನು ಒಬ್ಬರಿಗೊಬ್ಬರು ಹೇಳತೊಡಗಿದರು. ಒಂದು ಕಥೆ ಇನ್ನೊಂದನ್ನು ನೆನಪಿಗೆ ತಂದಿತು. ಸುಮಾರು ಐದು ಗಂಟೆಗಳಲ್ಲಿ ಹನ್ನೆರಡರಷ್ಟು ಕಥೆಗಳಾದ ಮೇಲೆ, ಬಿಡಿಬಿಡಿಯಾಗಿ ಅರ್ಥವಾಗದೆ ನಿಂತಿದ್ದ ಲಕ್ಷಣಗಳೆಲ್ಲ ಒಂದು ಕಾರಣದಲ್ಲಿ ಕೂಡಿಬಂದುವು, ದೋಷ ಸಿಕ್ಕಿತು. ಈ ಪ್ರಸಂಗವೂ ಹೊಸದೊಂದು ಕಥೆಯಾಗಿ ಬಳಗದ ಬೊಕ್ಕಸಕ್ಕೆ ಸೇರಿತು.

ಊರಾಚೆಯ ಬಳಗ

ಒಂದು ಮೇಜಿನ ಸುತ್ತ ಕುಳಿತವರಿಗೆ ಇದು ಸರಿ. ನೂರಾರು ಮೈಲಿ ದೂರದಲ್ಲಿ ಅದೇ ತೊಡಕಿನಲ್ಲಿ ಸಿಕ್ಕಿಕೊಂಡವನ ಗತಿಯೇನು? ಜೆರಾಕ್ಸ್ ಸಂಸ್ಥೆಯಲ್ಲಿ 1990ರ ದಶಕದಲ್ಲಿ, ಮೊದಲು ಫ್ರಾನ್ಸಿನಲ್ಲಿ, ಇದಕ್ಕೊಂದು ಉಪಾಯವನ್ನು ಹೂಡಿದರು. ರಿಪೇರಿಗಾರರು ತಾವು ಕಂಡುಕೊಂಡ ಒಳಸುಳಿವುಗಳನ್ನು ಗಣಕದಲ್ಲಿ ಬರೆದಿಡುವ ಏರ್ಪಾಡು ಅದು. ಅದಕ್ಕೆ “ಯುರೇಕಾ” ಎಂದು ಹೆಸರಿಟ್ಟರು. ಇದರಲ್ಲಿ ಗಮನಿಸಬೇಕಾದುದು ಗಣಕವಲ್ಲ, ಅದರ ನಿಯಮಗಳು. ಬಂದ ಸುಳಿವನ್ನು ಅದೇ ಕಸುಬಿನ ಅನುಭವಿಗಳು ಪರೀಕ್ಷಿಸಿ, ಸರಿಯೆಂದು ಕಂಡ ಮೇಲೆಯೇ ಎಲ್ಲರಿಗೂ ಕಾಣುವಂತೆ ಮಾಡುತ್ತಿದ್ದರು. ಪ್ರತಿ ಸುಳಿವಿನ ಜೊತೆಗೂ ಅದನ್ನು ಕೊಟ್ಟವನ ಹೆಸರಿರುತ್ತಿತ್ತು. ಸುಳಿವಿಗೆ ಹಣದ ಬಹುಮಾನ ಕೊಡುವ ಸೂಚನೆ ಬಂದಾಗ ರಿಪೇರಿಗಾರರೇ ಅದನ್ನು ಒಲ್ಲೆವೆಂದರು. ಹಣದಾಸೆಯಿಂದ ಬರುವ ಸುಳಿವುಗಳ ರಾಶಿಗಿಂತ ಸರೀಕರ ನಡುವೆ ಹೆಸರು ನಿಲ್ಲುವುದೇ ಅವರಿಗೆ ಹೆಚ್ಚಾಗಿತ್ತು. ಬ್ರೆಜಿಲ್ ದೇಶದಲ್ಲಿ ಒಬ್ಬ ರಿಪೇರಿಗಾರ ಸುಮಾರು 40,000 ಡಾಲರ್ ಬೆಲೆಯ ಯಂತ್ರವನ್ನೇ ಬದಲಾಯಿಸಿ ಕೊಡುವುದರಲ್ಲಿದ್ದ. ಕೆನಡದ ಮಾಂಟ್ರಿಯಲ್ ನಗರದ ರಿಪೇರಿಗಾರನೊಬ್ಬ ಬರೆದಿಟ್ಟಿದ್ದ ಸುಳಿವು ಅವನ ಕಣ್ಣಿಗೆ ಬಿತ್ತು. ಕೆಲವೇ ಸೆಂಟ್ ಬೆಲೆಯ ಬಿಡಿಭಾಗವೊಂದನ್ನು ಬದಲಾಯಿಸಿದೊಡನೆ ಯಂತ್ರ ನಡೆಯಿತು. ಒಬ್ಬರ ಮುಖವನ್ನೊಬ್ಬರು ನೋಡದ ಇಬ್ಬರು ಒಂದೇ ಬಳಗದವರಾದರು.

ಗಣಕವಿಲ್ಲದೆ ಇದು ಸಾಧ್ಯವಿರಲಿಲ್ಲವೆಂದು ತಿಳಿಯಬೇಕಾಗಿಲ್ಲ. ಇದಕ್ಕೆ ಸುಮಾರು 180 ವರ್ಷಗಳ ಹಿಂದೆಯೇ ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲಿನಲ್ಲಿ ಬರಿಯ ಒಂದು ಮುದ್ರಿತ ಹಾಳೆ ಇದೇ ಕೆಲಸವನ್ನು ಮಾಡಿತ್ತು. ಅಲ್ಲಿ ತವರ ಮತ್ತು ತಾಮ್ರದ ಆಳವಾದ ಗಣಿಗಳಿದ್ದುವು. ಗಣಿಗೆ ನುಗ್ಗುವ ನೀರನ್ನು ಹಗಲಿರುಳೂ ಉಗಿಯಂತ್ರಗಳಿಂದ ಎತ್ತಬೇಕಾಗಿತ್ತು. ಆದರೆ ಕಾರ್ನ್‌ವಾಲಿನಲ್ಲಿ ಕಲ್ಲಿದ್ದಲಿಲ್ಲ. ವೇಲ್ಸಿನಿಂದ ಹಡಗಿನಲ್ಲಿ ತರಿಸಬೇಕು. ಕಲ್ಲಿದ್ದಲಿನ ಖರ್ಚೇ ಗಣಿಯ ಅಳಿವು ಉಳಿವನ್ನು ನಿರ್ಧರಿಸುತ್ತಿತ್ತು. ಜೇಮ್ಸ್ ವಾಟ್‌ನ ಯಂತ್ರ ಹಳೆಯ ಯಂತ್ರಗಳಿಗಿಂತ ಬಹಳ ಕಡಿಮೆ ಕಲ್ಲಿದ್ದಲನ್ನು ಉರಿಸುತ್ತಿತ್ತು. ಉಳಿತಾಯದ ಮೂರನೆಯ ಒಂದು ಪಾಲನ್ನು ಬೋಲ್ಟನ್ ಮತ್ತು ವಾಟ್ ಸಂಸ್ಥೆ ಶುಲ್ಕವಾಗಿ ಪಡೆಯುತ್ತಿತ್ತು. ಕಂಡುಹಿಡಿದವನಿಗೆ ಪ್ರತಿಫಲ ಸಲ್ಲಬೇಕಾದುದು ನ್ಯಾಯವೇ. ಆದರೆ ಪೇಟೆಂಟಿನ ಅವಧಿ 1800ರ ವರೆಗೂ ನಡೆಯಿತು; ಯಂತ್ರವನ್ನು ತಮ್ಮದೇ ರೀತಿಯಲ್ಲಿ ಸುಧಾರಿಸಲು ಹೊರಟ ಕಾರ್ನ್‌ವಾಲಿನ ಇಂಜಿನಿಯರುಗಳು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅವಧಿ ಮುಗಿದು ಆ ಸಂಸ್ಥೆಯವರು ಹಿಂತಿರುಗಿದ ಮೇಲೆ ಯಂತ್ರಗಳ ಪಾಲನೆ ಸಡಿಲವಾಗಿ, ಅವುಗಳ ಕಾರ್ಯ ಇನ್ನೂ ಕೆಳಗಿಳಿಯಿತು.

ಆಗ 1811ರಲ್ಲಿ ಗಣಿಗಳ ಮೇಲ್ವಿಚಾರಕರು ಕಲೆತು ಒಂದು ನಿರ್ಧಾರಕ್ಕೆ ಬಂದರು. ಎಲ್ಲ ಗಣಿಗಳಲ್ಲಿನ ಯಂತ್ರಗಳ ಕೆಲಸವನ್ನು ನಂಬಿಕಸ್ಥನೊಬ್ಬ ಅಳೆದು ಪ್ರತಿ ತಿಂಗಳೂ ಪ್ರಕಟಿಸಬೇಕು. ಜೊತೆಗೆ ಯಂತ್ರದ ರಚನೆಯ ವಿವರವನ್ನೂ ಅದನ್ನು ನೋಡಿಕೊಳ್ಳುವ ಇಂಜಿನಿಯರನ ಹೆಸರನ್ನೂ ಕೊಡಬೇಕು. ಈ ಕೆಲಸಕ್ಕೆ ಗೌರವಾನ್ವಿತ ಗಣಿ ಮೇಲ್ವಿಚಾರಕನಾಗಿದ್ದ ಜೋಯಲ್ ಲೀನ್ ಎಂಬುವನನ್ನು ಆರಿಸಿದರು. ಮರುವರ್ಷವೇ ಅವನು ತೀರಿಕೊಂಡರೂ ಅವನ ಮಕ್ಕಳು ಕೆಲಸವನ್ನು ಮುಂದುವರಿಸಿದರು. ಅಳತೆ ಎಲ್ಲರಿಗೂ ಒಂದೇ: ಒಂದು ಬುಷೆಲ್ ಕಲ್ಲಿದ್ದಲನ್ನು ಉರಿಸಿ ಎಷ್ಟು ಪೌಂಡು ನೀರನ್ನು ಒಂದು ಅಡಿ ಎತ್ತರಕ್ಕೆ ಎತ್ತಲಾಯಿತು ಎಂಬುದು.

ಇದರ ಫಲವನ್ನು ನೋಡಿ. ಮೊದಲ ವರದಿಗಳಲ್ಲಿ ಯಂತ್ರಗಳ ಸರಾಸರಿ 2 ಕೋಟಿ ಪೌಂಡಿಗೂ ಕಡಿಮೆಯಿತ್ತು. ರಿಚರ್ಡ್ ಟ್ರೆವಿಥಿಕ್ 1812ರಲ್ಲಿ ಹೆಚ್ಚು ಒತ್ತಡದ ಉಗಿಯನ್ನು ಸಿಲಿಂಡರಿನಲ್ಲಿ ಹಿಗ್ಗಲು ಬಿಟ್ಟು ಕೆಲಸ ತೆಗೆಯುವ ಯಂತ್ರವನ್ನು ನಿಲ್ಲಿಸಿದ. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಬೇರೆಯವರು ಅದನ್ನು ನೋಡಿ, ಅನುಸರಿಸಿ, ತಮ್ಮದೊಂದು ಸುಧಾರಣೆಯನ್ನು ಕೂಡಿಸಿದರು. ಸ್ಯಾಮ್ಯುಯೆಲ್ ಗ್ರೋಸ್ ಎಂಬುವನು 1820ರ ದಶಕದಲ್ಲಿ ಉಗಿಕೊಳವೆಗಳಿಗೂ ಸಿಲಿಂಡರಿಗೂ ಶಾಖ ಸೋರದಂತೆ ದಪ್ಪವಾದ ಹೊದಿಕೆ ಹೊದಿಸಿದ. ಮುಂದಿನ ವರದಿಗಳಲ್ಲಿ ಅವನ ಯಂತ್ರದ ಅಂಕಿ ಮೇಲೇರಿತು. ಎಲ್ಲರೂ ಹೊದಿಕೆ ಹೊದಿಸತೊಡಗಿದರು. ಫೋವಿ ಕನ್ಸೋಲ್ಸ್ ಗಣಿಯ ಯಂತ್ರವೊಂದು ತೋರಿಸಿದ ಅಂಕಿಯನ್ನು ಹಲವರು ನಂಬದಿದ್ದಾಗ, 1835ರಲ್ಲಿ ಬಹಿರಂಗ ಪರೀಕ್ಷೆಯನ್ನೇ ನಡೆಸಿದರು. ಆ ದಿನ ಅದು ಸುಮಾರು 12½ ಕೋಟಿ ಪೌಂಡನ್ನು ದಾಖಲಿಸಿತು. ಅದು ಒಂದು ದಿನದ ಮೆರೆದಾಟವೆಂದು ಬಿಟ್ಟರೂ, ಮೂರು ದಶಕಗಳಲ್ಲಿ ಯಂತ್ರಗಳ ಸರಾಸರಿ ಕಾರ್ಯವೇ ಸುಮಾರು ಮೂರು ಪಟ್ಟಾಗಿತ್ತು. ಇದು ಒಬ್ಬ ಮಹಾಪುರುಷನ ಶೋಧವಲ್ಲ. ಪರಸ್ಪರ ನೋಡಿ ಕಲಿತ ಬಳಗದ ಶೋಧ. ಲೀನ್ ವರದಿ 1904ರ ವರೆಗೂ ನಡೆಯಿತು.

ಬರಹದಿಂದ ಎಲ್ಲವೂ ಸಾಗದೆಂದು ಮೊದಲು ಹೇಳಿ, ಈಗ ಬರಹವನ್ನೇ ಹೊಗಳುತ್ತಿದ್ದೇವಲ್ಲ ಎಂದು ವಾಚಕರು ಆಕ್ಷೇಪಿಸಬಹುದು. ಇಲ್ಲಿ ವಿರೋಧವಿಲ್ಲ. ಲೀನ್ ವರದಿಯನ್ನು ಓದುತ್ತಿದ್ದವರು ಅದೇ ಕಸುಬಿನವರು. ಅಂಕಿಯ ಹಿಂದಿನ ಯಂತ್ರವನ್ನು ಬಲ್ಲವರು. ಯಾವ ಯಂತ್ರ ಚೆನ್ನಾಗಿ ನಡೆಯುತ್ತಿದೆಯೆಂಬುದನ್ನು ವರದಿ ತಿಳಿಸುತ್ತಿತ್ತು. ಏಕೆಂಬುದನ್ನು ಅವರು ಅಲ್ಲಿಗೇ ಹೋಗಿ ನೋಡಬಹುದಾಗಿತ್ತು. ಬರಹ ಬಳಗದ ಬದಲಿಗೆ ಬಂದುದಲ್ಲ. ಬಳಗಕ್ಕೆ ದಾರಿ ತೋರುವ ಕೈಮರವಾಗಿ ಬಂದುದು.

ಅರಿವು ಮನೆಯೊಳಗೇ ಉಳಿದಾಗ

ಇದುವರೆಗೆ ನೋಡಿದುದು ಲಾಭದ ಮಾತು. ಅರಿವು ಹರಡದೆ ನಿಂತರೆ ಎಂತಹ ಬೆಲೆ ತೆರಬೇಕಾದೀತೆಂಬುದಕ್ಕೆ ಒಂದು ದುಃಖದ ನಿದರ್ಶನವಿದೆ. 1974ರ ಡಿಸೆಂಬರ್ 1ರಂದು ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಬಳಿಯ ಡಲ್ಲೆಸ್ ವಿಮಾನನಿಲ್ದಾಣಕ್ಕೆ ಇಳಿಯಲಿದ್ದ ಟಿ. ಡಬ್ಲ್ಯೂ. ಎ. ಸಂಸ್ಥೆಯ 514ನೆಯ ವಿಮಾನ ಬೆಟ್ಟಕ್ಕೆ ಬಡಿದು, ಅದರಲ್ಲಿದ್ದ 92 ಮಂದಿಯೂ ಸತ್ತರು. ನಿಲ್ದಾಣದಿಂದ ಬಂದ ಅನುಮತಿಯ ಮಾತಿಗೆ ವಿಮಾನಚಾಲಕರು ಒಂದು ಅರ್ಥ ಮಾಡಿಕೊಂಡಿದ್ದರು, ನಿಯಂತ್ರಕರು ಇನ್ನೊಂದು. ವಿಮಾನ ಇಳಿಯಬಾರದಷ್ಟು ಕೆಳಕ್ಕೆ ಮುಂಚಿತವಾಗಿಯೇ ಇಳಿದಿತ್ತು. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿ ಇನ್ನೂ ಮನಕರಗಿಸುವಂಥದು. ಆರು ವಾರಗಳ ಹಿಂದೆ ಅದೇ ನಿಲ್ದಾಣಕ್ಕೆ ಬರುತ್ತಿದ್ದ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಅದೇ ತಪ್ಪು ಗ್ರಹಿಕೆಯಿಂದ ಅದೇ ಅಪಾಯಕ್ಕೆ ಸಿಲುಕಿ ಕೂದಲೆಳೆಯಲ್ಲಿ ಪಾರಾಗಿತ್ತು. ಅದರ ಚಾಲಕರು ತಮ್ಮ ಸಂಸ್ಥೆಗೆ ತಿಳಿಸಿದ್ದರು. ಸಂಸ್ಥೆ ತನ್ನ ಚಾಲಕರಿಗೆಲ್ಲ ಎಚ್ಚರಿಕೆ ಕೊಟ್ಟಿತ್ತು. ಆದರೆ ಆ ಎಚ್ಚರಿಕೆ ಆ ಮನೆಯ ಹೊಸ್ತಿಲನ್ನು ದಾಟಲಿಲ್ಲ. ಅದನ್ನು ದಾಟಿಸುವ ದಾರಿಯೇ ಇರಲಿಲ್ಲ.

ಆ ದಾರಿಯನ್ನು ಮಾಡುವ ಪ್ರಯತ್ನ ಒಡನೆಯೇ ನಡೆಯಿತು. 1975ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆ ಚಾಲಕರೂ ನಿಯಂತ್ರಕರೂ ತಮಗಾದ ತಪ್ಪುಗಳನ್ನು ತನಗೆ ಬರೆದು ತಿಳಿಸಬೇಕೆಂದು ಕೋರಿತು. ಅವರು ಹಿಂಜರಿದರು. ಲೈಸೆನ್ಸನ್ನು ಕಿತ್ತುಕೊಳ್ಳಬಲ್ಲವನ ಮುಂದೆಯೇ ತಪ್ಪೊಪ್ಪಿಕೊಳ್ಳುವವರು ಯಾರು? ಆದುದರಿಂದ 1976ರಲ್ಲಿ ಈ ಕೆಲಸವನ್ನು, ದಂಡಿಸುವ ಅಧಿಕಾರವಿಲ್ಲದ ನಾಸಾ ಸಂಸ್ಥೆಗೆ ಒಪ್ಪಿಸಿದರು. ಬಂದ ವರದಿಯಿಂದ ಬರೆದವನ ಹೆಸರನ್ನೂ ಗುರುತನ್ನೂ ಅಳಿಸಿ, ಸಂಗತಿಯನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಕಲಿಯಬೇಕಾದುದನ್ನು ಎಲ್ಲರಿಗೂ ಹಂಚುತ್ತಾರೆ. ಅಂದಿನಿಂದ ಲಕ್ಷಗಟ್ಟಲೆ ವರದಿಗಳು ಬಂದಿವೆ. ಜೆರಾಕ್ಸ್ ರಿಪೇರಿಗಾರರಿಗೆ ಹೆಸರು ಬೇಕಾಗಿತ್ತು. ವಿಮಾನಚಾಲಕರಿಗೆ ಹೆಸರು ಮರೆಯಾಗುವುದು ಬೇಕಾಗಿತ್ತು. ಗೆಲುವನ್ನು ಹಂಚಿಕೊಳ್ಳುವವನಿಗೆ ಮನ್ನಣೆ, ಸೋಲನ್ನು ಹಂಚಿಕೊಳ್ಳುವವನಿಗೆ ರಕ್ಷಣೆ. ಇವೆರಡೂ ಇಲ್ಲದೆಡೆ ಎಷ್ಟು ದೊಡ್ಡ ಗಣಕವನ್ನು ತಂದಿಟ್ಟರೂ ಅದು ಬರಿದಾಗಿಯೇ ಉಳಿಯುತ್ತದೆ.

ಇಷ್ಟನ್ನು ನೋಡಿದ ಮೇಲೆ, ಕಸುಬಿನ ತಿಳಿವಳಿಕೆ ಒಂದು ಕಡೆ ಕೂಡಿಟ್ಟ ಸರಕಲ್ಲವೆಂಬುದು ಸ್ಪಷ್ಟವಾಗುತ್ತದೆ. ಅದು ಕೊಡುಕೊಳೆಯಲ್ಲಿಯೇ ಜೀವಂತವಾಗಿರುವ ವಸ್ತು. ಆ ಕೊಡುಕೊಳೆ ನಡೆಯಲು ಕೆಲವು ಅನುಕೂಲಗಳು ಬೇಕು. ಮೊದಲನೆಯದಾಗಿ, ಒಬ್ಬರ ಅನುಭವವನ್ನು ಇನ್ನೊಬ್ಬರು ತಮ್ಮದರೊಡನೆ ಹೋಲಿಸಿ ನೋಡಲು ಎಲ್ಲರೂ ಒಪ್ಪಿದ ಅಳತೆಯಿರಬೇಕು. ಎರಡನೆಯದಾಗಿ, ಹಂಚಿದುದನ್ನು ಅದೇ ಕೆಲಸ ಬಲ್ಲವರು ಪರೀಕ್ಷಿಸಬೇಕು. ಮೂರನೆಯದಾಗಿ, ಕೊಟ್ಟವನಿಗೆ ಕೊಟ್ಟುದರಿಂದ ನಷ್ಟವಾಗಬಾರದು. ಕಡೆಯದಾಗಿ, ಬಲ್ಲವರೂ ಕಲಿಯುವವರೂ ಪಕ್ಕದಲ್ಲಿ ನಿಲ್ಲಲು ಸಮಯವನ್ನೂ ಸ್ಥಳವನ್ನೂ ಕೊಡಬೇಕು. ಈ ಕಡೆಯದನ್ನೇ ನಾವು ಮೊದಲು ಕತ್ತರಿಸುವುದು. ಚಹದ ವಿರಾಮವನ್ನು ಮೊಟಕು ಮಾಡುವ ಮೇಲಧಿಕಾರಿ ತಾನು ಏನನ್ನು ಮೊಟಕು ಮಾಡುತ್ತಿದ್ದೇನೆಂಬುದನ್ನು ಒಮ್ಮೆ ಯೋಚಿಸಬೇಕು.

ಬಲ್ಲವನ ಮನಸ್ಸಿನಲ್ಲಿಯೂ ಒಂದು ಅಡ್ಡಿಯುಂಟು. ತನಗೊಬ್ಬನಿಗೇ ತಿಳಿದಿರುವುದರಿಂದ ತನಗೆ ಬೆಲೆ; ಎಲ್ಲರಿಗೂ ಹೇಳಿಬಿಟ್ಟರೆ ತನ್ನನ್ನು ಕೇಳುವವರು ಯಾರು ಎಂಬ ಅಳುಕು ಅದು. ಗುಟ್ಟನ್ನು ಮಗನಿಗೂ ಹೇಳದೆ ಕಣ್ಣುಮುಚ್ಚಿದ ವೈದ್ಯರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಆ ಅಳುಕು ನಿರಾಧಾರವಾದುದೆಂದು ಹೇಳಲಾಗದು. ಹೇಳಿಕೊಟ್ಟವನನ್ನು ಬೇಗನೆ ಮನೆಗೆ ಕಳುಹಿಸುವ ಸಂಸ್ಥೆಯಲ್ಲಿ ಅದು ವಿವೇಕವೇ ಆಗಿರುತ್ತದೆ. ಅದನ್ನು ಉಪದೇಶದಿಂದ ಕಳೆಯಲಾಗದು. ಹೇಳಿಕೊಟ್ಟವನೇ ಹಿರಿಯನೆನಿಸಿಕೊಳ್ಳುವ ಬಳಗದಲ್ಲಿ ಅದು ತಾನಾಗಿಯೇ ಕರಗುತ್ತದೆ.

ಕಾರ್ನ್‌ವಾಲಿನ ಕಥೆಗೆ ನಮ್ಮ ನಾಡಿಗೆ ಸೇರಿದ ಕೊನೆಯ ಅಧ್ಯಾಯವೊಂದಿದೆ. 1860ರ ದಶಕದಲ್ಲಿ ತಾಮ್ರದ ಬೆಲೆ ಕುಸಿದು ಅಲ್ಲಿನ ಗಣಿಗಳು ಮುಚ್ಚತೊಡಗಿದಾಗ ಗಣಿಗಾರರು ಲೋಕದ ನಾನಾ ಕಡೆಗಳಿಗೆ ಹಡಗು ಹತ್ತಿದರು. ಅವರೊಡನೆ ಅವರ ಕಸುಬೂ ಹಡಗು ಹತ್ತಿತು. ಕಾರ್ನ್‌ವಾಲಿನ ಗಣಿಗಳನ್ನು ನಡೆಸಿ ಹೆಸರಾಗಿದ್ದ ಜಾನ್ ಟೇಲರ್ ಮನೆತನದ ಸಂಸ್ಥೆ 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿದಾಗ, ಅಲ್ಲಿಗೆ ಕಾರ್ನ್‌ವಾಲಿನ ಗಣಿಗಾರರೂ ಬಂದರು. ನೆಲದಡಿಯಲ್ಲಿ ದುಡಿದ ಬಹುಪಾಲು ಮಂದಿ ಇಲ್ಲಿಯವರು, ತಮಿಳು ತೆಲುಗು ನಾಡುಗಳಿಂದ ಬಂದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಆ ಗಣಿಯಲ್ಲಿ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವ ಅಪಾಯ ಸದಾ ಇತ್ತು. ತಲೆಯ ಮೇಲಿನ ಕಲ್ಲನ್ನು ಸಲಾಕೆಯಿಂದ ಬಡಿದು, ಅದು ಗಟ್ಟಿಯಾಗಿ ನುಡಿಯಿತೋ ಟೊಳ್ಳಾಗಿ ನುಡಿಯಿತೋ ಎಂಬುದನ್ನು ಕಿವಿಯಿಂದಲೇ ತಿಳಿಯುವುದು ಗಣಿಗಾರನ ಮೊದಲ ಪಾಠ. ಆ ಎರಡು ಸದ್ದುಗಳ ವ್ಯತ್ಯಾಸವನ್ನು ಯಾವ ಪುಸ್ತಕವೂ ಕೇಳಿಸಲಾರದು. ಹಿರಿಯ ಬಡಿಯಬೇಕು, ಕಿರಿಯ ಪಕ್ಕದಲ್ಲಿ ನಿಂತು ಕೇಳಬೇಕು.

ಕಾರ್ನ್‌ವಾಲಿನ ಕಡೆಯ ತವರದ ಗಣಿ 1998ರಲ್ಲಿ ಮುಚ್ಚಿತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದುವು. ಪಂಪುಗಳು ನಿಂತುವು, ಸುರಂಗಗಳಲ್ಲಿ ನೀರು ತುಂಬಿತು. ನಕ್ಷೆಗಳನ್ನು ಕಾಪಾಡಿಡಬಹುದು, ನೀರನ್ನು ಮತ್ತೆ ಎತ್ತಿ ಹೊರಹಾಕಲೂಬಹುದು. ಆದರೆ ಆ ಕಲ್ಲಿನ ಸದ್ದನ್ನು ಬಲ್ಲ ಕಿವಿಗಳು ಬೇರೆ ಬೇರೆ ಊರುಗಳಿಗೆ ಚೆದುರಿದುವು, ಮುಪ್ಪಾದುವು. ಬಳಗ ಒಡೆದ ಮೇಲೆ ಅದನ್ನು ಹಣದಿಂದ ಕೊಳ್ಳಲಾಗದು.

ನಮ್ಮ ನಮ್ಮ ಕೆಲಸದ ಮನೆಗಳಲ್ಲಿಯೂ ಇನ್ನು ಆರು ತಿಂಗಳಿಗೋ ವರ್ಷಕ್ಕೋ ನಿವೃತ್ತರಾಗಲಿರುವ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಗೊತ್ತಿರುವುದನ್ನೆಲ್ಲ ಬರೆದುಕೊಡಿರೆಂದು ಹಾಳೆಯನ್ನು ಕೊಟ್ಟರೆ ಬರುವುದು ಸ್ವಲ್ಪವೇ. ಕಿರಿಯನೊಬ್ಬನನ್ನು ಅವರ ಪಕ್ಕದಲ್ಲಿ ನಿಲ್ಲಿಸೋಣ. ಕೇಳಲು, ಮುಟ್ಟಲು, ಅವರ ಎದುರಿನಲ್ಲಿಯೇ ತಪ್ಪು ಮಾಡಲು ಅವನಿಗೆ ಅವಕಾಶ ಕೊಡೋಣ. ಹಾರ ಹಾಕುವುದು ಆಮೇಲೆ ಇದ್ದೇ ಇದೆ.